ಗೆರೆ ಒಂದು ಕಡತದಲ್ಲಿ, ಲೇಖನಿ ಇನ್ನೊಂದರಲ್ಲಿ

ಮೆಟ್ಟುಪಾಳ್ಯದಿಂದ ಹೊರಡುವ ನೀಲಗಿರಿ ಬೆಟ್ಟದ ರೈಲು ಉದಕಮಂಡಲವನ್ನು ಸೇರುವ ಮುನ್ನ ನಿಲ್ಲುವ ಕೊನೆಯ ನಿಲ್ದಾಣ ಲವ್‌ಡೇಲ್. 1908ರಲ್ಲಿ ಹಳಿಯು ಉದಕಮಂಡಲವನ್ನು ಮುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ, 1858ರಲ್ಲಿ, ಸರ್ ಹೆನ್ರಿ ಲಾರೆನ್ಸ್ ಅವರ ಸ್ಮರಣಾರ್ಥ ಆರಂಭವಾದ ಶಾಲೆ ಇಂದು ಈ ಊರಿನ ಹೆಗ್ಗುರುತು. ಅದರ ಗಂಟೆಗೋಪುರದ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಮದರಾಸಿನ ಸೆನೆಟ್ ಹೌಸನ್ನೂ ರೂಪಿಸಿದ ರಾಬರ್ಟ್ ಚಿಶಮ್. ಆ ಕಾಲದ ನಕ್ಷೆಗಾರನ ಕೈಯಲ್ಲಿದ್ದುದು ಎರಡು ಉಕ್ಕಿನ ತುಟಿಗಳ ನಡುವೆ ಶಾಯಿ ಹಿಡಿದಿಡುವ ಲೇಖನಿ. ತಿರುಪನ್ನು ಸಡಿಲಿಸಿದರೆ ಗೆರೆ ದಪ್ಪ, ಬಿಗಿದರೆ ತೆಳು. ಕತ್ತರಿಸಿ ತೋರಿಸಿದ ಗೋಡೆಗೆ ದಪ್ಪ ಗೆರೆ, ಅದರಾಚೆ ಕಾಣುವ ಮೆಟ್ಟಿಲಿಗೆ ತೆಳು ಗೆರೆ, ಮರೆಯಾಗಿರುವುದಕ್ಕೆ ತುಂಡು ಗೆರೆ.

ಈ ನಿಯಮ ಇಂದಿಗೂ ಬದಲಾಗಿಲ್ಲ. ಬದಲಾದದ್ದು ಲೇಖನಿ ಇರುವ ಜಾಗ. ಇಂದು ನಕ್ಷೆ ಕಂಪ್ಯೂಟರಿನಲ್ಲಿ ಹುಟ್ಟುತ್ತದೆ. ಮನೆ ಕಟ್ಟಿಸುವ ಕುಟುಂಬದ ಕೈಗೆ ಪೆನ್‌ಡ್ರೈವಿನಲ್ಲಿಯೋ ವಾಟ್ಸ್‌ಆಪ್‌ನಲ್ಲಿಯೋ ನಕ್ಷೆಯ ಕಡತ ಬರುತ್ತದೆ. ಅದರಲ್ಲಿ ಎಲ್ಲವೂ ಇದೆಯೆಂದು ಕುಟುಂಬ ನಂಬುತ್ತದೆ. ಆದರೆ ಅದರಲ್ಲಿ ಗೆರೆಗಳಿರುತ್ತವೆ. ಆ ಗೆರೆಗಳನ್ನು ಕಾಗದದ ಮೇಲೆ ಎಳೆಯಬೇಕಾದ ಲೇಖನಿಗಳು ಅನೇಕ ವೇಳೆ ಅದರಲ್ಲಿ ಇರುವುದಿಲ್ಲ. ಅವು ಇರುವುದು ಪ್ಲಾಟ್ ಸ್ಟೈಲ್ ಎಂಬ ಇನ್ನೊಂದು ಪುಟ್ಟ ಕಡತದಲ್ಲಿ.

ಈ ವ್ಯವಸ್ಥೆ ಹುಟ್ಟಿದ ಬಗೆಯನ್ನು ತಿಳಿದರೆ ಅದರ ತರ್ಕ ಸುಲಭವಾಗುತ್ತದೆ. ಆಟೋಕ್ಯಾಡ್ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅಂದಿನ ಪ್ಲಾಟರ್ ಯಂತ್ರಗಳು ನಿಜವಾದ ಪೆನ್ನುಗಳನ್ನೇ ಹಿಡಿದು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವು. ಪರದೆಯ ಕೆಂಪು ಗೆರೆಗೆ ಮೊದಲನೆಯ ಪೆನ್ನು, ಹಳದಿಗೆ ಎರಡನೆಯದು ಎಂದು ಗೊತ್ತುಪಡಿಸಬೇಕಾಗಿತ್ತು. ಹೀಗೆ ಪರದೆಯ ಬಣ್ಣವು ಕಾಗದದ ಗೆರೆಯ ದಪ್ಪಕ್ಕೆ ಸಂಕೇತವಾಯಿತು. ಕೈಯಿಂದ ನಕ್ಷೆ ಬರೆದ ಹಿರಿಯರಿಗೆ ಇದು ಹೊಸತಲ್ಲ. ಶಾಯಿ ತುಂಬುವ ನಕ್ಷೆ ಪೆನ್ನುಗಳಲ್ಲಿಯೂ 0.25 ಮಿ.ಮೀ.ಗೆ ಬಿಳಿ, 0.35ಕ್ಕೆ ಹಳದಿ, 0.5ಕ್ಕೆ ಕಂದು, 0.7ಕ್ಕೆ ನೀಲಿ ಗುರುತು ಇರುತ್ತಿತ್ತು. ಒಳಗಿನ ಶಾಯಿ ಮಾತ್ರ ಕಪ್ಪು. ಈ ಅಳತೆಗಳೂ ಮನಬಂದಂತೆ ಆರಿಸಿದವಲ್ಲ. ಪ್ರತಿಯೊಂದೂ ಹಿಂದಿನದರ ಸುಮಾರು 1.41 ಪಟ್ಟು. ಎ1 ಹಾಳೆಯನ್ನು ಎ2ಕ್ಕೆ ಕುಗ್ಗಿಸಿ ಜೆರಾಕ್ಸ್ ಮಾಡಿದಾಗ 0.5ರ ಗೆರೆ 0.35 ಆಗಿ, ಆ ಹಾಳೆಯ ಮಾಪಕ್ಕೂ ಸರಿಹೊಂದುತ್ತದೆ.

1999ರಲ್ಲಿ ಬಂದ ಆಟೋಕ್ಯಾಡ್ 2000 ಈ ಪೆನ್ನುಗಳ ಪಟ್ಟಿಯನ್ನು ಪ್ಲಾಟ್ ಸ್ಟೈಲ್ ಕಡತವನ್ನಾಗಿ ಮಾಡಿತು. ಇದರಲ್ಲಿ ಎರಡು ಜಾತಿ. ಸಿಟಿಬಿ ಕಡತದಲ್ಲಿ 255 ಬಣ್ಣಗಳಿಗೆ 255 ಸಾಲುಗಳು. ಪ್ರತಿ ಬಣ್ಣವೂ ಕಾಗದದ ಮೇಲೆ ಯಾವ ಬಣ್ಣದಲ್ಲಿ, ಎಷ್ಟು ದಪ್ಪದಲ್ಲಿ, ಎಷ್ಟು ಗಾಢವಾಗಿ ಬರಬೇಕೆಂದು ಅಲ್ಲಿ ಬರೆದಿರುತ್ತದೆ. ಎಸ್‌ಟಿಬಿ ಕಡತದಲ್ಲಿ ಬಣ್ಣದ ಬದಲು ಹೆಸರು: ‘ಗೋಡೆ’, ‘ಅಳತೆ’ ಎಂಬಂಥ ಹೆಸರಿನ ಶೈಲಿಗಳನ್ನು ಮಾಡಿ ಲೇಯರ್‌ಗಳಿಗೆ ಹಚ್ಚುತ್ತಾರೆ. ಒಂದು ನಕ್ಷೆ ಒಮ್ಮೆಗೆ ಒಂದೇ ಜಾತಿಯದ್ದಾಗಿರಬೇಕು. ಜಾತಿ ಬದಲಿಸಲು ಕನ್ವರ್ಟ್‌ಪಿಸ್ಟೈಲ್ಸ್ ಎಂಬ ಆದೇಶವಿದೆ. ಮುಖ್ಯವಾದ ಮಾತೆಂದರೆ, ನಕ್ಷೆಯ ಕಡತವು ಪ್ಲಾಟ್ ಸ್ಟೈಲಿನ ಹೆಸರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಕಡತ ಉಳಿಯುವುದು ನಕ್ಷೆಗಾರರ ಕಂಪ್ಯೂಟರಿನಲ್ಲಿ.

ಇಳಿಜಾರಿನ ನೆಲದಲ್ಲಿ ಹಳೆಯ ಮನೆಗೆ ಒಂದು ಕೋಣೆ ಸೇರಿಸಬೇಕೆಂದಿರುವ ಕುಟುಂಬವೊಂದನ್ನು ಊಹಿಸಬಹುದು. ಅವರ ನಕ್ಷೆಯಲ್ಲಿ ಇಳಿಜಾರನ್ನು ತೋರಿಸುವ ಸಮೋನ್ನತಿ ರೇಖೆಗಳಿವೆ, ಮಣ್ಣು ಜಾರದಂತೆ ತಡೆಯುವ ಗೋಡೆಯಿದೆ, ಮಳೆನೀರಿನ ಚರಂಡಿಯಿದೆ. ನಕ್ಷೆಗಾರರ ಕಚೇರಿಯಲ್ಲಿ ತಡೆಗೋಡೆ ದಪ್ಪವಾಗಿ, ಸಮೋನ್ನತಿ ರೇಖೆ ಕೂದಲಿನಂತೆ ತೆಳುವಾಗಿ ಮುದ್ರಣವಾಗುತ್ತದೆ. ಅದೇ ಕಡತವನ್ನು ಪೇಟೆಯ ಮುದ್ರಣದ ಅಂಗಡಿಯಲ್ಲಿ ತೆರೆದರೆ ಹೆಸರು ಸಿಗುತ್ತದೆ, ಸಿಟಿಬಿ ಸಿಗುವುದಿಲ್ಲ. ಆಗ ಗೆರೆಗಳೆಲ್ಲ ಪರದೆಯ ಬಣ್ಣದಲ್ಲೇ ಬರುತ್ತವೆ. ದಪ್ಪವನ್ನು ಸಿಟಿಬಿಗೇ ಬಿಟ್ಟಿದ್ದರೆ ತಡೆಗೋಡೆಗೂ ಸಮೋನ್ನತಿ ರೇಖೆಗೂ ಒಂದೇ ದಪ್ಪ. ಕಪ್ಪು ಪರದೆಯ ಮೇಲೆ ಹೊಳೆಯುತ್ತಿದ್ದ ಹಳದಿ ಗೆರೆ ಬಿಳಿಯ ಕಾಗದದಲ್ಲಿ ಕಾಣದಂತಾಗುತ್ತದೆ.

ಇದಕ್ಕೆ ಅಂಗಡಿಯವರು ಸಾಮಾನ್ಯವಾಗಿ ಕೊಡುವ ಮದ್ದು, ತಂತ್ರಾಂಶದ ಜೊತೆಗೇ ಬರುವ ‘ಮೊನೊಕ್ರೋಮ್’ ಎಂಬ ಸಿಟಿಬಿ. ಅದು 255 ಬಣ್ಣಗಳನ್ನೂ ಕಪ್ಪಾಗಿಸುತ್ತದೆ. ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ, ಆದರೆ ಅಪಾಯ ಇಲ್ಲಿಯೇ ಇದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಅನುಮೋದನೆಯ ನಕ್ಷೆಗಳಿಗೆ ಬಣ್ಣಗಳ ಪಟ್ಟಿಯೊಂದನ್ನು ಕೊಟ್ಟಿದೆ. ಬಿಳಿಯ ಹಾಳೆಯಲ್ಲಿ ಈಗಿರುವ ಕಟ್ಟಡ ಕಪ್ಪು ಗೆರೆಯಲ್ಲಿ, ಹೊಸದಾಗಿ ಕಟ್ಟುವುದು ಕೆಂಪಿನಲ್ಲಿ, ಕೆಡವಬೇಕಾದುದು ಹಳದಿಯ ಓರೆಗೆರೆಗಳಲ್ಲಿ, ಚರಂಡಿ ಕೆಂಪು ಚುಕ್ಕಿಗೆರೆಯಲ್ಲಿ, ನೀರಿನ ಕೊಳವೆ ತೆಳು ಕಪ್ಪು ಚುಕ್ಕಿಗೆರೆಯಲ್ಲಿ ಇರಬೇಕು. ಇಲ್ಲಿ ಬಣ್ಣವು ದಪ್ಪದ ಸಂಕೇತವಲ್ಲ, ಅರ್ಥವೇ ಆಗಿದೆ. ಎಲ್ಲವೂ ಕಪ್ಪಾದರೆ ಯಾವ ಗೋಡೆ ಉಳಿಯುತ್ತದೆ, ಯಾವುದು ಬೀಳುತ್ತದೆ, ಯಾವುದು ಏಳುತ್ತದೆ ಎಂಬುದು ಹಾಳೆಯಿಂದ ತಿಳಿಯುವುದಿಲ್ಲ. ಅಂಥ ನಕ್ಷೆ ಕಚೇರಿಯಿಂದ ಹಿಂದಿರುಗಿದರೆ ಕುಟುಂಬಕ್ಕೆ ಹೋಗುವುದು ಹಣ ಮತ್ತು ದಿನಗಳು. ಹಿಂದಿರುಗದೆ ಕೆಲಸದ ಸ್ಥಳಕ್ಕೆ ಹೋದರೆ ಹೋಗುವುದು ಒಂದು ಗೋಡೆಯೇ ಆಗಬಹುದು.

ಆದ್ದರಿಂದ ಅನುಭವಿ ನಕ್ಷೆಗಾರರು ಒಂದೇ ನಕ್ಷೆಗೆ ಎರಡು ಪ್ಲಾಟ್ ಸ್ಟೈಲ್‌ಗಳನ್ನು ಇಟ್ಟುಕೊಳ್ಳುವುದುಂಟು. ಕೆಲಸದ ಸ್ಥಳಕ್ಕೆ ಹೋಗುವ ವಿವರ ನಕ್ಷೆಗೆ ದಪ್ಪಗಳನ್ನು ಬೇರೆ ಬೇರೆಯಾಗಿರಿಸಿದ ಕಪ್ಪು ಪಟ್ಟಿ. ಅನುಮೋದನೆಯ ನಕ್ಷೆಗೆ ಕೆಂಪು, ಹಳದಿ, ಹಸಿರನ್ನು ಹಾಗೆಯೇ ಉಳಿಸಿ ಮಿಕ್ಕದ್ದನ್ನು ಕಪ್ಪಾಗಿಸುವ ಪಟ್ಟಿ. ಸ್ಥಳೀಯ ನಿಯಮಗಳು ಸಂಹಿತೆಗಿಂತ ಭಿನ್ನವಾಗಿರಬಹುದಾದ್ದರಿಂದ ಆಯಾ ಕಚೇರಿಯ ಬಣ್ಣದ ಪಟ್ಟಿಯನ್ನು ಮೊದಲೇ ಕೇಳಿ ಪಡೆಯುವುದು ಲೇಸು. ಇನ್ನೊಂದು ಎಚ್ಚರವೂ ಬೇಕು. 255ರ ಪಟ್ಟಿಯಿಂದಲ್ಲದೆ ‘ಟ್ರೂ ಕಲರ್’ ಮೂಲಕ ಆರಿಸಿದ ಬಣ್ಣ ಸಿಟಿಬಿಯ ಮಾತನ್ನು ಕೇಳುವುದಿಲ್ಲ. ಮೊನೊಕ್ರೋಮ್ ಹಾಕಿದರೂ ಅದು ಬಣ್ಣದಲ್ಲೇ ಮುದ್ರಣವಾಗುತ್ತದೆ.

ಕಡತವನ್ನು ಬೇರೆಯವರಿಗೆ ಕಳುಹಿಸುವಾಗ ಇಟ್ರಾನ್ಸ್‌ಮಿಟ್ ಎಂಬ ಆದೇಶವನ್ನು ಬಳಸಿದರೆ ನಕ್ಷೆಯೊಡನೆ ಪ್ಲಾಟ್ ಸ್ಟೈಲನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡಬಹುದು. ಪಡೆದವರು ಸ್ಟೈಲ್ಸ್‌ಮ್ಯಾನೇಜರ್ ಆದೇಶದಿಂದ ತೆರೆಯುವ ಫೋಲ್ಡರಿನಲ್ಲಿ ಅದನ್ನು ಇಟ್ಟರೆ ಸಾಕು. ಮುದ್ರಣವಷ್ಟೇ ಆಗಬೇಕಿದ್ದರೆ ನಕ್ಷೆಗಾರರಿಂದಲೇ ಪಿಡಿಎಫ್ ಮಾಡಿಸಿಕೊಳ್ಳುವುದು ಇನ್ನೂ ಸುಲಭ. ದಪ್ಪವೂ ಬಣ್ಣವೂ ಅದರಲ್ಲಿ ನೆಲೆನಿಂತಿರುತ್ತವೆ. ಆದರೆ ಪಿಡಿಎಫನ್ನು ಮುದ್ರಿಸುವಾಗ ‘ಹಾಳೆಗೆ ಹೊಂದಿಸು’ ಎಂಬ ಆಯ್ಕೆಯನ್ನು ಬಿಟ್ಟು ನೂರು ಶೇಕಡ ಅಳತೆಯನ್ನೇ ಆರಿಸಬೇಕು. ಇಲ್ಲವಾದರೆ ಗೆರೆ ಸರಿಯಿದ್ದು ಮಾಪ ತಪ್ಪುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಲ್ಲಿ ಐಟಿಐನ ಎರಡು ವರ್ಷಗಳ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿಯನ್ನೋ ಡಿಪ್ಲೊಮವನ್ನೋ ಆರಿಸುವವರಿದ್ದಾರೆ. ಅಲ್ಲಿ ಎದುರಾಗುವ ಇಂಗ್ಲಿಷ್ ಹೆಸರುಗಳು ಮೊದಲು ದಿಗಿಲು ಹುಟ್ಟಿಸಬಹುದು. ಹೆಸರಿನ ಹಿಂದಿರುವ ಸಂಗತಿ ಮಾತ್ರ ಸರಳ. ಯಾವ ಗೆರೆಗೆ ಯಾವ ಲೇಖನಿ ಎಂಬ ಪಟ್ಟಿಯನ್ನು ಅಚ್ಚುಕಟ್ಟಾಗಿ ಬರೆದಿಡುವುದು, ನಕ್ಷೆ ಹೋದಲ್ಲೆಲ್ಲ ಅದನ್ನೂ ಕಳುಹಿಸುವುದು. ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಸಂಸ್ಥೆ ಕಲಿಕೆಗಾಗಿ ತಂತ್ರಾಂಶವನ್ನು ಉಚಿತವಾಗಿ ನೀಡುವುದರಿಂದ ಇದನ್ನು ಮನೆಯಲ್ಲಿಯೂ ಅಭ್ಯಾಸ ಮಾಡಬಹುದು. ಒಂದು ಚೌಕ ಕೋಣೆಯನ್ನು ಬರೆದು, ಮೂರು ಬಣ್ಣಗಳಿಗೆ ಮೂರು ದಪ್ಪಗಳನ್ನು ಕೊಟ್ಟು ಎ4 ಹಾಳೆಯಲ್ಲಿ ಮುದ್ರಿಸಿ ನೋಡಿದರೆ ಅರ್ಧ ಪಾಠ ಮುಗಿದಂತೆ.

ಮುದ್ರಣದ ಅಂಗಡಿಯಿಂದ ಹೊರಡುವ ಮುನ್ನ ಹಾಳೆಯನ್ನು ಬಿಡಿಸಿ ಮೂರು ಸಂಗತಿಗಳನ್ನು ನೋಡಬೇಕು: ದಪ್ಪ ಗೆರೆಯೂ ತೆಳು ಗೆರೆಯೂ ಬೇರೆಯಾಗಿ ಕಾಣುತ್ತಿವೆಯೇ, ಬಣ್ಣಗಳು ಬರಬೇಕಾದಲ್ಲಿ ಬಂದಿವೆಯೇ, ಒಂದು ಗೋಡೆಯನ್ನು ಸ್ಕೇಲಿನಿಂದ ಅಳೆದರೆ ಬರೆದ ಅಳತೆಯೊಂದಿಗೆ ಹೊಂದುತ್ತದೆಯೇ. ಮಳೆಗಾಲದ ಬಿಡುವಿನಲ್ಲಿ ಪಾಯ ತೋಡಿಸುವ ಮೇಸ್ತ್ರಿ ಕಂಪ್ಯೂಟರಿನ ಪರದೆಯನ್ನು ನೋಡುವುದಿಲ್ಲ. ಅವರ ಕೈಗೆ ಬರುವುದು ಆ ಹಾಳೆ ಮಾತ್ರ.