ಗೊರಕೆ ಗಾಢನಿದ್ರೆಯ ಗುರುತಲ್ಲ

ತರಗತಿಯಲ್ಲಿ ತೂಕಡಿಸುವ ಮಗುವಿಗೆ ‘ಕುಂಭಕರ್ಣ’ನೆಂಬ ಹೆಸರು ಬೀಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಸೋಮಾರಿ, ದಡ್ಡ ಎಂಬ ಪಟ್ಟಗಳೂ ಅದರ ಬೆನ್ನಿಗೇ ಬರುತ್ತವೆ. ಆದರೆ ಆ ಮಗು ರಾತ್ರಿ ಹೇಗೆ ನಿದ್ರಿಸುತ್ತದೆ ಎಂದು ವಿಚಾರಿಸುವವರು ವಿರಳ. ತಜ್ಞರ ಶಿಫಾರಸಿನಂತೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಅಗತ್ಯ. ಅಷ್ಟು ಹೊತ್ತು ಹಾಸಿಗೆಯಲ್ಲಿದ್ದ ಮಾತ್ರಕ್ಕೆ ಅಷ್ಟು ನಿದ್ರೆ ದೊರೆಯಿತೆಂದು ಹೇಳುವಂತಿಲ್ಲ.

ಉಸಿರು ಕಟ್ಟುವ ನಿದ್ರೆ

ನೆಗಡಿಯಿದ್ದಾಗ ನಾಲ್ಕು ದಿನ ಗೊರಕೆ ಬಂದರೆ ಅದು ಸಹಜ. ವಾರದ ಬಹುತೇಕ ರಾತ್ರಿಗಳಲ್ಲಿ ಮಗು ಜೋರಾಗಿ ಗೊರಕೆ ಹೊಡೆಯುವುದು, ಬಾಯಿ ತೆರೆದು ಮಲಗುವುದು, ನಡುನಡುವೆ ಉಸಿರು ನಿಂತು ಏದುಸಿರಿನೊಂದಿಗೆ ಹೊರಳುವುದು ಸಹಜವಲ್ಲ. ಮೂಗಿನ ಹಿಂಭಾಗದ ಅಡಿನಾಯ್ಡ್ ಮತ್ತು ಗಂಟಲಿನ ಟಾನ್ಸಿಲ್‌ಗಳು ಊದಿಕೊಂಡು ಶ್ವಾಸಮಾರ್ಗವನ್ನು ಅಡ್ಡಗಟ್ಟುವುದೇ ಮಕ್ಕಳಲ್ಲಿ ಇದಕ್ಕೆ ಮುಖ್ಯ ಕಾರಣ. ಇದನ್ನು ‘ಸ್ಲೀಪ್ ಆಪ್ನಿಯಾ’ ಎನ್ನುತ್ತಾರೆ. ಉಸಿರು ತಡೆದಾಗಲೆಲ್ಲ ಮಿದುಳು ಕ್ಷಣಕಾಲ ಎಚ್ಚರಗೊಳ್ಳುತ್ತದೆ. ಬೆಳಗಾದಾಗ ಮಗುವಿಗೆ ಅದರ ನೆನಪೇ ಇರುವುದಿಲ್ಲ.

ಹೀಗೆ ನಿದ್ರೆ ತುಂಡಾದ ಮಗು ದೊಡ್ಡವರಂತೆ ಸದಾ ತೂಕಡಿಸುವುದೂ ಇಲ್ಲ. ಹಲವು ಮಕ್ಕಳು ಚಡಪಡಿಸುತ್ತಾರೆ, ಸಿಡುಕುತ್ತಾರೆ, ಪಾಠದಲ್ಲಿ ಮನಸ್ಸು ನಿಲ್ಲಿಸಲಾರರು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ರೂಢಿ ಮರಳಿ ಬರುವುದೂ ಉಂಟು. ಕಿವಿ, ಮೂಗು, ಗಂಟಲಿನ ತಜ್ಞರು ಪರೀಕ್ಷಿಸಿ, ಸೌಮ್ಯ ತೊಂದರೆಗೆ ಮೂಗಿನ ಸ್ಪ್ರೇ ಕೊಡಬಹುದು. ತೀವ್ರವಾಗಿದ್ದರೆ ಅಡಿನಾಯ್ಡ್, ಟಾನ್ಸಿಲ್‌ಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಬಹಳಷ್ಟು ಮಕ್ಕಳು ಇದರಿಂದ ಚೇತರಿಸಿಕೊಳ್ಳುತ್ತಾರೆ.

ದೊಡ್ಡವರಲ್ಲಿ ಬೊಜ್ಜು ಇದರ ಪ್ರಮುಖ ಕಾರಣ. ಚಿಕಿತ್ಸೆ ಪಡೆಯದಿದ್ದರೆ ರಕ್ತದೊತ್ತಡ ಏರುತ್ತದೆ, ವಾಹನ ಓಡಿಸುವಾಗ ಕಣ್ಣು ಮುಚ್ಚುವ ಅಪಾಯವೂ ಇದೆ. ತೂಕ ಇಳಿಸುವುದರ ಜೊತೆಗೆ, ಮುಖವಾಡದ ಮೂಲಕ ಒತ್ತಡದ ಗಾಳಿ ಹಾಯಿಸಿ ಶ್ವಾಸಮಾರ್ಗವನ್ನು ತೆರೆದಿಡುವ ‘ಸಿಪ್ಯಾಪ್’ ಯಂತ್ರವನ್ನು ವೈದ್ಯರು ಸೂಚಿಸುತ್ತಾರೆ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಬೆಚ್ಚುವಿಕೆ, ನಡೆದಾಟ, ಕಾಲಿನ ಚಡಪಡಿಕೆ

ಮಲಗಿದ ಒಂದೆರಡು ಗಂಟೆಗಳಲ್ಲಿ ಮಗು ಕಿರುಚಿ ಎದ್ದು ಕೂರುವುದು, ನಿದ್ರೆಯಲ್ಲೇ ನಡೆಯುವುದು ಗಾಳಿ ಸೋಕಿದ್ದರಿಂದಲ್ಲ. ಗಾಢನಿದ್ರೆಯಿಂದ ಮಿದುಳು ಅರೆಬರೆ ಎಚ್ಚರಗೊಂಡಾಗ ಹೀಗಾಗುತ್ತದೆ. ಅಲುಗಾಡಿಸಿ ಎಬ್ಬಿಸದೆ, ಮೆಲ್ಲನೆ ಹಾಸಿಗೆಗೆ ಕರೆತಂದು, ಬಾಗಿಲಿಗೆ ಚಿಲಕ ಹಾಕಿದರೆ ಸಾಕು. ವಯಸ್ಸಿನೊಂದಿಗೆ ಹೆಚ್ಚಿನವರಲ್ಲಿ ಇದು ತಾನಾಗಿ ನಿಲ್ಲುತ್ತದೆ.

ಸಂಜೆಯಾದಂತೆ ಕಾಲಿನಲ್ಲಿ ಏನೋ ಹರಿದಂತಾಗಿ, ಆಡಿಸಿದರೆ ಮಾತ್ರ ಹಿತವೆನಿಸುವ ತೊಂದರೆಯ ಹಿಂದೆ ಕಬ್ಬಿಣಾಂಶದ ಕೊರತೆ ಇರಬಹುದು. ರಕ್ತಪರೀಕ್ಷೆಯಲ್ಲಿ ಅದು ಕಂಡುಬಂದರೆ ವೈದ್ಯರು ಕಬ್ಬಿಣಾಂಶದ ಔಷಧಿ ನೀಡುತ್ತಾರೆ.

ತಡವಾಗಿ ಬರುವ ನಿದ್ರೆ

ಹದಿಹರೆಯದಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ; ಕೈಯಲ್ಲಿನ ಮೊಬೈಲ್ ಅದನ್ನು ಇನ್ನಷ್ಟು ದೂಡುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ಮುಂಜಾನೆಯ ಬಿಸಿಲಿಗೆ ಮೈಯೊಡ್ಡುವುದು, ಮಲಗುವ ಕೋಣೆಯಿಂದ ಮೊಬೈಲನ್ನು ಹೊರಗಿಡುವುದು ಇದಕ್ಕೆ ಮೊದಲ ಮದ್ದು. ಹಿರಿಯರ ದೀರ್ಘಕಾಲದ ನಿದ್ರಾಹೀನತೆಗೂ ತಜ್ಞರು ಮೊದಲು ಸೂಚಿಸುವುದು ಮಾತ್ರೆಯನ್ನಲ್ಲ. ಮಲಗುವ ರೂಢಿಯನ್ನೂ ನಿದ್ರೆಯ ಕುರಿತ ಆತಂಕವನ್ನೂ ತಿದ್ದುವ ಆಪ್ತ ಚಿಕಿತ್ಸೆಯನ್ನು.

ಪೋಷಕರು ಎರಡು ವಾರ ಮಗು ಮಲಗಿದ, ಎದ್ದ ಹೊತ್ತನ್ನು ಬರೆದಿಡಬೇಕು. ಗೊರಕೆಯ ಒಂದೆರಡು ನಿಮಿಷವನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಗಡಿನಾಡಿನ ಆಸ್ಪತ್ರೆಗಳಲ್ಲಿ ವೈದ್ಯರ ಭಾಷೆ ಬೇರೆಯಾಗಿದ್ದರೂ ಆ ದೃಶ್ಯಕ್ಕೆ ಅನುವಾದ ಬೇಕಿಲ್ಲ. ತರಗತಿಯಲ್ಲಿ ಮಗು ಎಷ್ಟು ಹೊತ್ತಿಗೆ ಮಂಕಾಗುತ್ತದೆ ಎಂದು ಶಿಕ್ಷಕರು ತಿಳಿಸಿದರೆ ಇನ್ನೂ ಅನುಕೂಲ. ಮಗುವಿನ ಅಂಕಪಟ್ಟಿಯನ್ನು ನೋಡಿ ಗದರಿಸುವ ಮೊದಲು ಅದರ ಒಂದು ರಾತ್ರಿಯ ಉಸಿರಾಟವನ್ನು ಕಿವಿಗೊಟ್ಟು ಕೇಳುವುದು ಒಳ್ಳೆಯದು.