ನಪಾಸಾದ ವಿದ್ಯಾರ್ಥಿ ಕಟ್ಟಿದ ಶಾಲೆ

ವರ್ಷದ ಕೊನೆಗೆ ಫಲಿತಾಂಶದ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಾಗ ನಾವು ಶಿಕ್ಷಕರು ಒಂದು ಮಾತನ್ನು ಬಹು ಸಲೀಸಾಗಿ ಆಡಿಬಿಡುತ್ತೇವೆ: ‘ಹುಡುಗ ಮಂದಬುದ್ಧಿಯವನು.’ ಈ ತೀರ್ಪಿನಲ್ಲಿ ಹುಡುಗನ ಪಾಲೆಷ್ಟು, ಶಾಲೆಯ ಪಾಲೆಷ್ಟು ಎಂಬುದನ್ನು ನಮ್ಮ ಕೊಲ್ಹಾಪುರ ಸೀಮೆಯದೇ ಒಂದು ಚರಿತ್ರೆಯಿಂದ ವಿಚಾರಿಸುವದು ಯೋಗ್ಯವಾಗಿದೆ.

ಇಚಲಕರಂಜಿ ಇರುವ ಹಾತಕಣಂಗಲೆ ತಾಲೂಕಿನಲ್ಲಿಯೇ ಕುಂಭೋಜವೆಂಬ ಊರಿದೆ. 1887ನೆಯ ಸೆಪ್ಟೆಂಬರ 22ರಂದು ಭಾವುರಾವ ಪಾಯಗೌಂಡ ಪಾಟೀಲರು ಅಲ್ಲಿ ಜೈನ ಮನೆತನವೊಂದರಲ್ಲಿ ಹುಟ್ಟಿದರು. ಈ ಮನೆತನದ ಹಿರಿಯರು ಮೂಡಬಿದರೆಯ ಕಡೆಯಿಂದ ಬಂದವರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಕನ್ನಡಿಗರಾದ ನಮಗೆ ಇದು ಗಮನಾರ್ಹ ಸಂಗತಿ.

ಶಾಹೂ ಮಹಾರಾಜರು 1901ರಿಂದ ಕೊಲ್ಹಾಪುರದಲ್ಲಿ ಬೇರೆ ಬೇರೆ ಸಮಾಜಗಳಿಗಾಗಿ ವಿದ್ಯಾರ್ಥಿನಿಲಯಗಳನ್ನು ತೆರೆಯಿಸುತ್ತ ಬಂದಿದ್ದರು. ಭಾವುರಾವರು ಜೈನ ಬೋರ್ಡಿಂಗಿನಲ್ಲಿದ್ದು ರಾಜಾರಾಮ ಹೈಸ್ಕೂಲಿನಲ್ಲಿ ಓದಿದರು. ಕುಸ್ತಿಯಲ್ಲಿ ಮುಂದು, ಗಣಿತದಲ್ಲಿ ಹಿಂದು. ಆರನೆಯ ಇಯತ್ತೆಯಲ್ಲಿ ನಪಾಸಾದಾಗ ಸ್ವತಃ ಮಹಾರಾಜರೇ ಶಿಫಾರಸು ಮಾಡಿದರೂ ಗಣಿತದ ಮಾಸ್ತರರು, ಬೇಕಾದರೆ ಇವನು ಕೂಡುವ ಬೆಂಚನ್ನು ಮೇಲಿನ ವರ್ಗಕ್ಕೆ ಕಳಿಸುವೆ, ಇವನನ್ನಲ್ಲ, ಎಂದರೆಂಬ ಕಥೆ ಪ್ರಚಲಿತವಾಗಿದೆ. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು ತೆರೆದ ಸಮಾರಂಭಕ್ಕೆ ಹೋಗಿ ಬಂದು, ಶುದ್ಧಿಸ್ನಾನ ಮಾಡಲು ಒಪ್ಪದಿದ್ದುದಕ್ಕೆ ಅವರು ವಿದ್ಯಾರ್ಥಿನಿಲಯವನ್ನೂ ಬಿಡಬೇಕಾಯಿತು. ಮ್ಯಾಟ್ರಿಕ್ ಮುಗಿಯಲೇ ಇಲ್ಲ.

ಆ ಮಾಸ್ತರರನ್ನು ನಾವು ದೂಷಿಸಲಾರೆವು. ಅರ್ಹತೆಯಿಲ್ಲದವನನ್ನು ದಾಟಿಸುವದು ಸಹಾಯವಲ್ಲ. ಅರಸನ ಮಾತಿಗೂ ಅವರು ಬಗ್ಗಲಿಲ್ಲ. ಆದರೆ ಪರೀಕ್ಷೆಗೆ ಮೊದಲು ಆ ಹುಡುಗನ ಅಡಚಣೆ ಏನೆಂದು ಕೇಳಿದವರುಂಟೋ? ಮುಂದೆ ಇದೇ ನಪಾಸಾದ ಯುವಕನು ಸಾತಾರೆಯಲ್ಲಿ ಮನೆಪಾಠ ಹೇಳಿ, ‘ಪಾಟೀಲ ಮಾಸ್ತರ’ ಎನಿಸಿಕೊಂಡು ಜೀವನ ಸಾಗಿಸಿದನು!

ಭಾವುರಾವರು 1919ರಲ್ಲಿ ಕರಾಡ ತಾಲೂಕಿನ ಕಾಲೆ ಎಂಬಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯ ತೆರೆಯಿತು. 1927ರಲ್ಲಿ ಮಹಾತ್ಮಾ ಗಾಂಧಿಯವರು ಬಂದು ಅದಕ್ಕೆ ಶಾಹೂ ಮಹಾರಾಜರ ಹೆಸರಿಟ್ಟರು. ಮಕ್ಕಳ ಅನ್ನಕ್ಕೆ ಹಣ ಸಾಲದಾದಾಗ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನು ಕೊಟ್ಟರು. ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1935ರಲ್ಲಿ ಶಿಕ್ಷಕರ ಟ್ರೇನಿಂಗ್ ಕಾಲೇಜು, 1940ರಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು ಹುಟ್ಟಿದವು.

ಈ ಕ್ರಮದಲ್ಲಿಯೇ ಒಂದು ಶಾಸ್ತ್ರವಿದೆ. ಮೊದಲು ವಸತಿ ಮತ್ತು ಅನ್ನ, ಆ ಮೇಲೆ ತರಬೇತಿ ಪಡೆದ ಶಿಕ್ಷಕ, ಆ ಮೇಲೆ ಹೈಸ್ಕೂಲು. ವಿದ್ಯಾರ್ಥಿಗಳು ಹೊಲದಲ್ಲಿ ದುಡಿದು, ಅಡಿಗೆಗೆ ಕೈ ಹಚ್ಚಿ, ಗಳಿಸುತ್ತ ಕಲಿಯುತ್ತಿದ್ದರು. ಆದ್ದರಿಂದ ನೆರವು ಭಿಕ್ಷೆಯಾಗಲಿಲ್ಲ. ನಪಾಸಾಗಿ ಹೊರಬಿದ್ದವನಿಗೆ ಹೊರಬೀಳಲು ಕಾರಣಗಳೇನೆಂಬುದು ಗೊತ್ತಿತ್ತು.

ಈ ಪಾಠವನ್ನು ನಮ್ಮ ಗಡಿಭಾಗಕ್ಕೆ ಅನ್ವಯಿಸಿ ನೋಡೋಣ. ಇಚಲಕರಂಜಿಯ ಮಗ್ಗದವರ ಮಗುವಿಗೆ ರಾತ್ರಿಯೂ ಯಂತ್ರದ ಸದ್ದು, ಓದಲು ಮೂಲೆಯಿಲ್ಲ. ಸಂಜೆ ಶಾಲೆಯ ಒಂದು ಕೋಣೆಯನ್ನು ತೆರೆದಿಟ್ಟರೆ ಅದೇ ಅವನಿಗೆ ಬೋರ್ಡಿಂಗು. ಗಡಹಿಂಗ್ಲಜದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಲ್ಲಿಯ ಬಾಲಕನೊಬ್ಬನು ಮರಾಠಿಯ ವ್ಯವಹಾರ ಲೆಕ್ಕದ ಮುಂದೆ ಮೂಕನಾಗಿ ನಿಂತದ್ದನ್ನು ನಾವು ಕಂಡಿದ್ದೇವೆ. ‘ಕೊಂಡದ್ದೆಷ್ಟಕ್ಕ, ಮಾರಿದ್ದೆಷ್ಟಕ್ಕ?’ ಎಂದು ಕನ್ನಡದಲ್ಲಿ ಒಮ್ಮೆ ಕೇಳಿದೊಡನೆ ಬಾಯಿಲೆಕ್ಕದಿಂದಲೇ ಉತ್ತರ ಬಂದಿತು. ಅದುವರೆಗೆ ಅವನ ಹೆಸರಿನ ಮುಂದೆ ‘ಮಂದ’ ಎಂದು ಬರೆದವರು ಬೇರೆ ಯಾರೂ ಅಲ್ಲ, ನಾವೇ!

1959ನೆಯ ಮೇ 9ರಂದು ಕರ್ಮವೀರರು ತೀರಿಕೊಂಡರು. ಅವರಷ್ಟು ದೊಡ್ಡ ಕಾರ್ಯ ನಮ್ಮಿಂದಾಗಲಿಕ್ಕಿಲ್ಲ. ಆದರೆ ನಪಾಸಿನ ಗೆರೆ ಎಳೆಯುವ ಮೊದಲು ಪ್ರತಿಯೊಬ್ಬ ಶಿಕ್ಷಕಬಂಧುವೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ಈ ಮಗು ಉಂಡು ಬಂದಿದೆಯೇ? ಓದಲು ಅದಕ್ಕೆ ಸ್ಥಳವಿದೆಯೇ? ನಮ್ಮ ಮಾತು ಅದಕ್ಕೆ ತಿಳಿದಿದೆಯೇ? ಇವುಗಳಿಗೆ ಉತ್ತರ ದೊರೆತ ಮೇಲೆ ಗುಣಗಳನ್ನು ಕಟ್ಟುನಿಟ್ಟಾಗಿಯೇ ಕೊಡೋಣ.