ಬ್ಯಾಡಗಿ ಮೆಣಸಿನಕಾಯಿಗೆ ಮೆಲ್ಬರ್ನ್‌ನಲ್ಲಿ ಏಕೆ ತಡೆ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳಿಗೆ ಒಣ ಬ್ಯಾಡಗಿ ಮೆಣಸಿನಕಾಯಿ, ಧನಿಯ, ಜೀರಿಗೆ ಪಾರ್ಸೆಲ್ ಮಾಡಬಹುದೇ?

ಉತ್ತರ: ಬೇಡ. ಮೂರೂ ಅಲ್ಲಿನ ನಿಷೇಧದ ಪಟ್ಟಿಯಲ್ಲಿವೆ. ಅಕ್ಕಿ, ತೊಗರಿ, ಕಡಲೆ, ಹೆಸರುಕಾಳಿಗೂ ಅದೇ ಗತಿ.

ಇದಕ್ಕೆಲ್ಲ ಕಾರಣ ಎಳ್ಳುಕಾಳಿನಷ್ಟೇ ಇರುವ ಖಾಪ್ರಾ ಎಂಬ ಕೀಟ. ದಾಸ್ತಾನಿನ ಧಾನ್ಯವನ್ನು ತಿಂದು ಹಾಳುಗೆಡಹುವ ಇದರ ಮರಿಹುಳು ಆಹಾರವಿಲ್ಲದೆಯೂ ವರ್ಷಗಟ್ಟಲೆ ಬದುಕಬಲ್ಲದು. ಪೊಟ್ಟಣದ ಮಡಿಕೆಯಲ್ಲಿ ಅಡಗಿ ಕೂತರೆ ಕಣ್ಣಿಗೆ ಬೀಳುವುದೇ ಇಲ್ಲ. ಗೋಧಿಯನ್ನು ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುವ ಆಸ್ಟ್ರೇಲಿಯಾ ಈ ಅಪಾಯಕ್ಕೆ ಅಂಜಿ, ಅಂಚೆಯಲ್ಲಿ ಬರುವ ಇಂಥ ಕಾಳು, ಸಾಂಬಾರ ಪದಾರ್ಥಗಳನ್ನು 2020ರಿಂದ ತಡೆದಿದೆ.

ನಿಷೇಧದ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ನಮ್ಮಲ್ಲಿ ಪಾಯಸಕ್ಕೆ ಬೀಳುವ ಗಸಗಸೆ ದುಬೈಗೆ ಹೋದರೆ ಮಾದಕವಸ್ತು ಕಾನೂನಿಗೆ ಸಿಕ್ಕಿಬೀಳುತ್ತದೆ. ಸಿಂಗಾಪುರ 1992ರಲ್ಲೇ ಚೂಯಿಂಗ್ ಗಮ್ ಆಮದು ನಿಲ್ಲಿಸಿತು; ಔಷಧೀಯ ಗಮ್‌ಗೆ ಮಾತ್ರ ಮುಂದೆ ವಿನಾಯಿತಿ ಸಿಕ್ಕಿತು.

ಹಾಗಾದರೆ ಸೀರೆ ಕಳಿಸಬಹುದೇ? ಧಾರಾಳವಾಗಿ. ಆದರೆ ಅಂಚೆಯ ಸಿಎನ್ 23 ಎಂಬ ಕಸ್ಟಮ್ಸ್ ಘೋಷಣೆ ನಮೂನೆಯಲ್ಲಿ ‘ಗಿಫ್ಟ್’ ಎಂದಷ್ಟೇ ಗೀಚಿದರೆ ಸಾಲದು. ‘ಹತ್ತಿ ಸೀರೆ, 2, 900 ಗ್ರಾಂ, 3,000 ರೂಪಾಯಿ’ ಎಂದು ವಸ್ತು, ಸಂಖ್ಯೆ, ತೂಕ, ಬೆಲೆಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಬೇಕು. ಕಟ್ಟುವ ಮುನ್ನ ಪಾರ್ಸೆಲ್ ಹೋಗುವ ದೇಶದ ನಿಷೇಧದ ಪಟ್ಟಿಯನ್ನು ಅಂಚೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.